ಊಟದ ಹೊತ್ತಿನ ಗಾಜಿನ ಲೋಟ: ಡ್ಯುರಾಲೆಕ್ಸ್ ಪಿಕಾರ್ಡಿ ಬಳಸಿದ ಅನುಭವ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಸಾಲು ಗಾಜಿನ ಲೋಟಗಳಿಗೇ ಮೀಸಲು. ಮಾವನವರ ಕಾಲದ, ಹೂವಿನ ಚಿತ್ರ ಮಾಸಿಹೋದ ಎರಡು ಲೋಟಗಳು, ಬೊರೊಸಿಲ್‌ನ ತೆಳುವಾದ ನಾಲ್ಕು ಲೋಟಗಳು, ಅವುಗಳ ಪಕ್ಕದಲ್ಲಿ ನನ್ನ ತಮ್ಮ ಫ್ರಾನ್ಸಿನಿಂದ ಬಟ್ಟೆಯ ನಡುವೆ ಸುತ್ತಿ ತಂದ ಡ್ಯುರಾಲೆಕ್ಸ್ ಪಿಕಾರ್ಡಿ ಲೋಟಗಳು. ಮೊದಲ ವರ್ಷ ಇವು ನೆಂಟರಿಗೆಂದು ಷೋಕೇಸಿನಲ್ಲಿಯೇ ಇದ್ದವು. ಒಂದು ಮಧ್ಯಾಹ್ನ ಅತ್ತೆಯವರು, "ಮನೆಯವರು ಕುಡಿಯೋದಕ್ಕೆ ಆಗದಿದ್ದರೆ ಇವು ಇನ್ಯಾರಿಗಮ್ಮ?" ಎನ್ನುತ್ತಾ ತಾವೇ ಇಳಿಸಿ ತೊಳೆದಿಟ್ಟರು. ಅಂದಿನಿಂದ ನಾಲ್ಕು ವರ್ಷ ದಿನವೂ ಬಳಸಿರುವುದರಿಂದ ಈಗ ಅವುಗಳ ಬಗ್ಗೆ ಧೈರ್ಯವಾಗಿ ಬರೆಯಬಹುದು.

ಡ್ಯುರಾಲೆಕ್ಸ್ 1945ರಲ್ಲಿ ಫ್ರಾನ್ಸಿನ ಓರ್ಲಿಯಾನ್ ನಗರದ ಹತ್ತಿರ ಆರಂಭವಾದ ಕಂಪನಿ. ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ, ಮೈತುಂಬ ಉದ್ದನೆಯ ಪಟ್ಟೆಗಳಿರುವ ಪಿಕಾರ್ಡಿ ಮಾದರಿ ಬಂದದ್ದು 1954ರಲ್ಲಿ. ಸಂಸ್ಥೆ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿದಾಗ, 2024ರಲ್ಲಿ ಅಲ್ಲಿನ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು ಕಾರ್ಖಾನೆಯನ್ನು ವಹಿಸಿಕೊಂಡರೆಂದು ತಿಳಿದ ಮೇಲೆ ಈ ಲೋಟಗಳ ಮೇಲಿನ ನನ್ನ ಅಭಿಮಾನ ಹೆಚ್ಚಾಯಿತು.

ನಮ್ಮ ಮನೆಯಲ್ಲಿ ಲೋಟದ ನಿಜವಾದ ಪರೀಕ್ಷೆ ನಡೆಯುವುದು ತಿಳಿಸಾರಿನಲ್ಲಿ. ಅನ್ನ ಕಲಸಿಕೊಳ್ಳುವ ಮೊದಲು ಎಲ್ಲರಿಗೂ ಅರ್ಧ ಲೋಟ ಬಿಸಿ ಸಾರು ಕುಡಿಯುವ ಅಭ್ಯಾಸವಿದೆ. ಸ್ಟೀಲ್ ಲೋಟಕ್ಕೆ ಸುರಿದರೆ ಕೈ ಸುಡುತ್ತದೆ, ಸಾರೂ ಕಾಣುವುದಿಲ್ಲ. ಪಿಕಾರ್ಡಿಯ ದಪ್ಪ ಗಾಜಿನಲ್ಲಾದರೆ ಮೇಲಂಚನ್ನು ಹಿಡಿದು ಆರಾಮವಾಗಿ ಎತ್ತಿಕೊಳ್ಳಬಹುದು. ತೊಗರಿಕಟ್ಟಿನ ಹೊಂಬಣ್ಣ ಪಟ್ಟೆಪಟ್ಟೆಯಾಗಿ ಹೊಳೆಯುತ್ತದೆ, ಒಗ್ಗರಣೆಯ ತುಪ್ಪ ಮೇಲೆ ಉಂಗುರದಂತೆ ನಿಲ್ಲುತ್ತದೆ, ಸಾಸಿವೆ ಒಂದೊಂದಾಗಿ ತಳಕ್ಕಿಳಿಯುವುದು ಕಣ್ಣಿಗೆ ಕಾಣುತ್ತದೆ. ಊಟದ ಕೊನೆಯಲ್ಲಿ ಅದೇ ಲೋಟಕ್ಕೆ ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆ. ಬೆಳಗಿನ ಫಿಲ್ಟರ್ ಕಾಫಿಗೆ ಮಾತ್ರ ಸ್ಟೀಲಿನ ಲೋಟವೇ ಬೇಕು. ಆ ಜಾಗ ಬೇರಾವುದಕ್ಕೂ ಸಲ್ಲದು.

ಬಿಸಿ ತಾಳುವ ಶಕ್ತಿ ಎಲ್ಲ ಗಾಜಿಗೂ ಒಂದೇ ರೀತಿ ಬರುವುದಿಲ್ಲ. ಬೊರೊಸಿಲ್ ಲೋಟಗಳ ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದೇ ಕಡಿಮೆ, ಸಾಮಾನ್ಯ ಗಾಜು ಹಿಗ್ಗುವುದರ ಸುಮಾರು ಮೂರನೇ ಒಂದು ಭಾಗದಷ್ಟು. ಪಿಕಾರ್ಡಿಯದು ಸಾಮಾನ್ಯ ಗಾಜೇ ಆದರೂ ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ತಟ್ಟನೆ ಗಾಳಿಯಲ್ಲಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ಕುಗ್ಗುವ ಒಳಭಾಗ ಅದನ್ನು ಬಿಗಿಯಾಗಿ ಸೆಳೆದು ಹಿಡಿಯುವುದರಿಂದ ಗಾಜಿಗೆ ಬಲ ಬರುತ್ತದೆ. ಆದ್ದರಿಂದ ಕುದಿನೀರಿನಲ್ಲಿ ಕಷಾಯ ಮಾಡುವಾಗ ನಾನು ಬೊರೊಸಿಲ್ ತೆಗೆದುಕೊಳ್ಳುತ್ತೇನೆ. ಮಕ್ಕಳು ದಡಬಡ ಎತ್ತಿಡುವ ಊಟದ ಹೊತ್ತಿಗೆ ಪಿಕಾರ್ಡಿಯೇ ಸರಿ. ಪೇಟೆಯ ಒಂದು ಅಂಗಡಿಯಲ್ಲಿ "ಬಿಸಿಗೆ ಏನೂ ಆಗುವುದಿಲ್ಲ" ಎಂದು ಕೊಟ್ಟಿದ್ದ ಹೆಸರಿಲ್ಲದ ಲೋಟವೊಂದು ಹಾಲು ಸುರಿದ ಕೂಡಲೇ ಸೀಳಿದ್ದನ್ನು ಕಂಡವಳು ನಾನು.

ಹಾಗೆಂದು ಇದು ಒಡೆಯದ ಲೋಟವಲ್ಲ. ಸೋಪಿನ ಕೈಯಿಂದ ಜಾರಿ ಗ್ರಾನೈಟ್ ಕಟ್ಟೆಗೆ ಬಿದ್ದ ಒಂದು ಲೋಟ ಕಲ್ಲುಸಕ್ಕರೆಯಂತೆ ನೂರಾರು ಚೂರಾಗಿ ಫ್ರಿಜ್ಜಿನ ಅಡಿಯವರೆಗೂ ಚದುರಿತು. ಗಟ್ಟಿಗೊಳಿಸಿದ ಗಾಜು ಉದ್ದನೆಯ ಚೂಪು ಸೀಳುಗಳಾಗದೆ ಹೀಗೆ ಪುಡಿಯಾಗುವುದರಿಂದ ಕೈಗೆ ದೊಡ್ಡ ಗಾಯವಾಗುವ ಭಯ ಕಡಿಮೆ, ಆದರೆ ಚಪ್ಪಲಿ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಎರಡೆರಡು ಸಲ ಒರೆಸಬೇಕಾಗುತ್ತದೆ. ಬೋರ್‌ವೆಲ್ ನೀರಿನಿಂದ ಕಟ್ಟುವ ಬಿಳಿ ಪೊರೆ ಹುಣಸೆಹಣ್ಣಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟರೆ ಹೋಗುತ್ತದೆ.

ಅತ್ತೆಯವರು ಎಂಜಲಾಗದಂತೆ ಎತ್ತಿ ಕುಡಿಯುವವರು. ಬಾಗಿದ ಕಂಠವಿಲ್ಲದ ಗಾಜಿನ ಲೋಟ ಯಾವುದೇ ಆಗಿರಲಿ, ಅದಕ್ಕೆ ಒಗ್ಗದು. ಹೀಗಾಗಿ ಅವರ ನೀರಿಗೆ ಹಳೆಯ ಬೆಳ್ಳಿಲೋಟವೇ ಉಳಿದಿದೆ, ಮಜ್ಜಿಗೆಗೆ ಮಾತ್ರ ಪಿಕಾರ್ಡಿ. ಪ್ರತಿ ಲೋಟದ ತಳದಲ್ಲಿ ಅಚ್ಚಿನ ಸಂಖ್ಯೆಯೊಂದು ಇರುತ್ತದೆ. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳು ಅದನ್ನು ತಮ್ಮ ವಯಸ್ಸೆಂದು ಓದಿಕೊಂಡು ಆಡುವ ಆಟವನ್ನು ತಮ್ಮ ನನ್ನ ಮಗಳಿಗೆ ಹೇಳಿಕೊಟ್ಟಿದ್ದಾನೆ. ಈಗ ಮಜ್ಜಿಗೆ ಮುಗಿದ ಕೂಡಲೇ ಅಜ್ಜಿ ಮೊಮ್ಮಗಳಿಬ್ಬರೂ ಲೋಟವನ್ನು ಬೆಳಕಿಗೆ ಹಿಡಿದು ಸಂಖ್ಯೆ ನೋಡುತ್ತಾರೆ.

ಕೊಳ್ಳುವವರು 250 ಮಿಲಿಯ ಅಳತೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಚಿಕ್ಕದರಲ್ಲಿ ಮಜ್ಜಿಗೆ ಸಾಲುವುದಿಲ್ಲ. ಉಳಿದಿರುವ ಐದರ ಜೊತೆಗೆ ಅದೇ ಅಳತೆಯ ಇನ್ನೊಂದನ್ನು ತರಲು ತಮ್ಮನಿಗೆ ಹೇಳಿಟ್ಟಿದ್ದೇವೆ.