ಮನುಷ್ಯರ ಗ್ಲುಕೋಮೀಟರಿನಲ್ಲಿ ನಾಯಿಯ ಸಕ್ಕರೆ: ಒಂಬತ್ತು ತಿಂಗಳ ಬಳಕೆಯ ಬಳಿಕ

ಬದಿಯಡ್ಕದ ಬಳಿ ಇರುವ ನಮ್ಮ ಮನೆಯ ಒಂಬತ್ತು ವರ್ಷದ ಹೆಣ್ಣುನಾಯಿ ಚಿನ್ನುವಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು ಕಳೆದ ದೀಪಾವಳಿಯ ನಂತರ. ಇಟ್ಟ ನೀರೆಲ್ಲ ಕುಡಿದು ಮುಗಿಸುತ್ತಿದ್ದಳು, ಹೊಟ್ಟೆ ತುಂಬ ಉಂಡರೂ ಪಕ್ಕೆಲುಬು ಕಾಣುವಷ್ಟು ಇಳಿದಿದ್ದಳು. ಪಶುವೈದ್ಯರು ಹನ್ನೆರಡು ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಹೊತ್ತು ಇನ್ಸುಲಿನ್ ಬರೆದುಕೊಟ್ಟರು. ಬೆದೆಯ ನಂತರ ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇನ್ಸುಲಿನ್ನಿನ ಕೆಲಸವನ್ನು ಕೆಡಿಸುವುದರಿಂದ ಅಂಡಾಶಯ, ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆಯನ್ನೂ ಮಾಡಿಸಿದರು. ಸಕ್ಕರೆಯನ್ನು ಮಾತ್ರ ಮನೆಯಲ್ಲೇ ನೋಡಿ ಬರೆದಿಡಬೇಕೆಂದರು. ಕಾರಿನಲ್ಲಿ ಹೆದರಿ, ಆಸ್ಪತ್ರೆಯಲ್ಲಿ ಊಟ ಮುಟ್ಟದ ನಾಯಿಯ ಅಂಕಿಯಿಂದ ಅವಳ ದಿನನಿತ್ಯದ ಸ್ಥಿತಿ ತಿಳಿಯುವುದಿಲ್ಲ ಎಂಬುದು ಅವರ ಮಾತು.

ಮೊದಲು ಬಳಸಿದ್ದು ಅಪ್ಪನ ಹಳೆಯ ಮೀಟರ್. ಅದಕ್ಕೆ ದೊಡ್ಡ ಹನಿ ಬೇಕು, ನಾಯಿಯ ಕಿವಿಯಿಂದ ಬರುವುದು ಸಾಸಿವೆ ಕಾಳಿನಷ್ಟು. ಮೊದಲ ವಾರದಲ್ಲೇ ರಕ್ತ ತಾಗಿಸುವ ಹನ್ನೊಂದು ಸ್ಟ್ರಿಪ್ ಹಾಳಾದವು. ಆಮೇಲೆ ಕೊಂಡ ಕಾಂಟೂರ್ ಪ್ಲಸ್ ಮೀಟರನ್ನೇ ಇಂದಿಗೂ ಬಳಸುತ್ತಿದ್ದೇನೆ. ಇದಕ್ಕೆ 0.6 ಮೈಕ್ರೋಲೀಟರ್ ರಕ್ತ ಸಾಕು, ಹೊಸ ಸ್ಟ್ರಿಪ್ ಡಬ್ಬಿಗೊಮ್ಮೆ ಕೋಡ್ ಹಾಕುವ ಕೆಲಸವಿಲ್ಲ, 5 ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಇವೆಲ್ಲಕ್ಕಿಂತ ನನಗೆ ಉಪಕಾರವಾದ ಗುಣ ಇನ್ನೊಂದು: ಹನಿ ಸಾಲದಿದ್ದರೆ ಸ್ಟ್ರಿಪ್ಪನ್ನು ಎಸೆಯಬೇಕಾಗಿಲ್ಲ, ಮೀಟರೇ ಕೂಗಿ ಹೇಳುತ್ತದೆ, ಅರ್ಧ ನಿಮಿಷದೊಳಗೆ ಅದೇ ಸ್ಟ್ರಿಪ್ಪಿಗೆ ಇನ್ನಷ್ಟು ರಕ್ತ ತಾಗಿಸಬಹುದು. ತಲೆ ಕೊಡವುವ ನಾಯಿಯನ್ನು ಮಡಿಲಲ್ಲಿ ಹಿಡಿದುಕೊಂಡವರಿಗೆ ಆ ಅರ್ಧ ನಿಮಿಷದ ಬೆಲೆ ಗೊತ್ತು.

ಆದರೆ ಇದು ಮನುಷ್ಯರ ರಕ್ತಕ್ಕೆ ಹೊಂದಿಸಿದ ಉಪಕರಣವೆಂಬುದನ್ನು ಮರೆಯಬಾರದು. ಮನುಷ್ಯರಲ್ಲಿ ಗ್ಲೂಕೋಸಿನ ಗಣನೀಯ ಪಾಲು ಕೆಂಪು ರಕ್ತಕಣಗಳ ಒಳಗೇ ಇರುತ್ತದೆ. ನಾಯಿಯಲ್ಲಿ ಬಹುಪಾಲು ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುತ್ತದೆ, ಬೆಕ್ಕಿನಲ್ಲಿ ಇನ್ನೂ ಹೆಚ್ಚು. ಆ ಕಾರಣದಿಂದ ಮನುಷ್ಯರ ಮೀಟರುಗಳು ನಾಯಿಯ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಇಷ್ಟು ಕೂಡಿಸಿಕೊಳ್ಳಿ ಎನ್ನುವ ಒಂದೇ ಲೆಕ್ಕವೂ ಇಲ್ಲ. ನಾಯಿಗೆ ಬೇರೆ, ಬೆಕ್ಕಿಗೆ ಬೇರೆ ಹೊಂದಾಣಿಕೆ ಇರುವ ಆಲ್ಫಾಟ್ರ್ಯಾಕ್ ಎಂಬ ಮೀಟರ್ ಇದ್ದರೂ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಹಾಗಾಗಿ ಲ್ಯಾಬಿಗೆ ರಕ್ತ ತೆಗೆಯುವ ದಿನ ಅದೇ ರಕ್ತದ ಒಂದು ಹನಿಯನ್ನು ನಮ್ಮ ಮೀಟರಿಗೂ ಹಾಕಿಸಿ ಎರಡನ್ನೂ ಬರೆದಿಡುತ್ತೇನೆ. ಒಂದು ಅಂಕಿಯನ್ನು ನೆಚ್ಚಿಕೊಳ್ಳದೆ ದಿನದ ಏರಿಳಿತ ನೋಡುವವರಿಗೆ ಈ ಮೀಟರ್ ಧಾರಾಳ ಸಾಕು.

ಕಿವಿಯ ಒಳಮೈಯನ್ನು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ, ಚೆನ್ನಾಗಿ ಒರೆಸಿ, ಹಿಂಬದಿಗೆ ಮಡಚಿದ ಹತ್ತಿಯನ್ನು ಆನಿಸಿ ಅಂಚಿಗೆ ಚುಚ್ಚಿದರೆ ಹನಿ ಗುಂಡಗೆ ನಿಲ್ಲುತ್ತದೆ. ಮೇಲ್ತುಟಿಯ ಒಳಗೂ ಚುಚ್ಚಬಹುದು, ಆದರೆ ಜೊಲ್ಲು ಬೆರೆತರೆ ಅಂಕಿ ಕೆಡುತ್ತದೆ. ಅಂಕಿ ಕೆಡಿಸಲು ನಾಯಿಯೇ ಬೇಕೆಂದಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಮೀಟರ್ 412 ತೋರಿಸಿತು. ಗುಡ್ಡೆಯಲ್ಲಿ ಬಿದ್ದ ಹಲಸಿನ ಹಣ್ಣು ತಿಂದು ಬಂದಿರಬೇಕೆಂದು ಅವಳನ್ನು ಗದರಿಸುತ್ತಿದ್ದಾಗ, “ಹಲಸಿನ ಸೊಳೆ ಬಿಡಿಸಿದ್ದು ಯಾರು ಮಾರಾಯಾ, ನಾಯಿಯಾ ನೀನಾ?” ಎಂದು ಅಮ್ಮ ಒಳಗಿನಿಂದ ಕೇಳಿದರು. ಮೇಣ ಹತ್ತದಂತೆ ಎಣ್ಣೆ ಹಚ್ಚಿದ್ದ ನನ್ನ ಬೆರಳಿನಲ್ಲಿ ಹಣ್ಣಿನ ರಸ ಹಾಗೆಯೇ ಇತ್ತು. ಕೈಯನ್ನೂ ಕಿವಿಯನ್ನೂ ತೊಳೆದು ಒರೆಸಿ ಮತ್ತೆ ನೋಡಿದರೆ 236.

ಮಳೆಗಾಲ ಸ್ಟ್ರಿಪ್ಪುಗಳಿಗೆ ಕಷ್ಟದ ಕಾಲ. ಉಪ್ಪೇ ನೀರಾಗುವ ಆಟಿಯ ತಂಡಿಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ಕೆಡುತ್ತದೆ. ಒಂದನ್ನು ತೆಗೆದ ಕ್ಷಣವೇ ಮುಚ್ಚಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದು, ಬೇರೆ ಡಬ್ಬಿಗೆ ಹಾಕಲೇಬಾರದು. ಸ್ಟ್ರಿಪ್ಪಿನ ಖರ್ಚು ಯಾವ ಮೀಟರಿನಲ್ಲೂ ತಪ್ಪಿದ್ದಲ್ಲ. ಮೀಟರ್ ಕೊಳ್ಳುವಾಗ ಮೀಟರಿನ ಬೆಲೆ ನೋಡದೆ ಸ್ಟ್ರಿಪ್ಪಿನ ಬೆಲೆ ಕೇಳುವುದು ಲೇಸು.

ಮೀಟರಿನ ವಿಷಯದ ಜೊತೆಗೇ ಸಿರಿಂಜಿನ ಒಂದು ಮಾತು ಹೇಳಲೇಬೇಕು. ನಮ್ಮದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಒಮ್ಮೆ ಒಂದು ಅಂಗಡಿಯಲ್ಲಿ 100 ಯೂನಿಟ್ಟಿನ ಕಿತ್ತಳೆ ಮುಚ್ಚಳದ ಸಿರಿಂಜು ಕೊಟ್ಟರು, ನಾನೂ ನೋಡದೆ ತಂದೆ. ಅದರಲ್ಲಿ ಗೆರೆ ನೋಡಿ ಎಳೆದರೆ ಬೇಕಾದ ಔಷಧಿಯ ಐದರಲ್ಲಿ ಎರಡು ಪಾಲು ಮಾತ್ರ ಒಳಗೆ ಹೋಗುತ್ತದೆ. ಪುಣ್ಯಕ್ಕೆ ಚುಚ್ಚುವ ಮೊದಲೇ ಬಣ್ಣ ಕಣ್ಣಿಗೆ ಬಿತ್ತು. ಇನ್ನು ಔಷಧಿ ಹೆಚ್ಚಾಗಿ ಸಕ್ಕರೆ 60ರ ಕೆಳಗಿಳಿದು ನಾಯಿ ತೂರಾಡಿದರೆ ವಸಡಿಗೆ ಜೇನು ಸವರಿ ಕೂಡಲೇ ವೈದ್ಯರಿಗೆ ಫೋನ್ ಮಾಡಬೇಕೆಂದು ಅವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಂದು ಪುಟ್ಟ ಜೇನಿನ ಬಾಟಲಿ ಮೀಟರಿನ ಚೀಲದಲ್ಲೇ ಇರುತ್ತದೆ.

ಮೀಟರಿನ ನೆನಪಿನಲ್ಲಿ 480 ಅಂಕಿಗಳು ಉಳಿಯುತ್ತವೆಯಾದರೂ ಉಂಡದ್ದೆಷ್ಟು, ಚುಚ್ಚಿದ್ದೆಷ್ಟು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಜಗಲಿಯ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಎಲ್ಲವನ್ನೂ ಬರೆಯುತ್ತೇನೆ. ವೈದ್ಯರು ಹೇಳಿದ ದಿನ ಬೆಳಗಿನ ಊಟಕ್ಕೆ ಮೊದಲು ಆರಂಭಿಸಿ ಎರಡೆರಡು ಗಂಟೆಗೊಮ್ಮೆ ರಾತ್ರಿಯ ಊಟದವರೆಗೂ ನೋಡಿ, ಆ ಪುಟದ ಫೋಟೋ ತೆಗೆದು ಕಳುಹಿಸುತ್ತೇನೆ. ಕಳೆದ ಸಲ ಬೆಳಿಗ್ಗೆ 248 ಇದ್ದದ್ದು ಮಧ್ಯಾಹ್ನ ಎರಡಕ್ಕೆ 121ಕ್ಕೆ ಇಳಿದು ರಾತ್ರಿ ಎಂಟಕ್ಕೆ 229ಕ್ಕೆ ಏರಿತ್ತು. ಇನ್ಸುಲಿನ್ ಪ್ರಮಾಣ ಬದಲಿಸುವುದು ಬೇಡ, ಇನ್ನು ಹದಿನೈದು ದಿನ ಬಿಟ್ಟು ನೋಡೋಣ ಎಂದು ವೈದ್ಯರಿಂದ ಉತ್ತರ ಬಂತು.