ನೆಲಗಡಲೆ ಇಲ್ಲದ ಚಾಕೊಲೇಟ್: ಶಾಲೆಯ ಸಹಾಯಾರ್ಥ ಮಾರಾಟಕ್ಕೆ ಯಾವುದು ಆದೀತು?

ವಾರ್ಷಿಕೋತ್ಸವದ ದಿನ ರಕ್ಷಕ-ಶಿಕ್ಷಕ ಸಂಘದವರು (ಪಿ.ಟಿ.ಎ.) ಮೇಜು ಹಾಕಿ ಚಾಕೊಲೇಟ್ ಮಾರಿ ಹಣ ಕೂಡಿಸುವುದಿದ್ದರೆ ಕಾಸರಗೋಡು ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತದೆ: ಕಂಪೆನಿಯ ಬಾರ್, ಡಬ್ಬದಲ್ಲಿ ಬರುವ ಐದು-ಹತ್ತು ರೂಪಾಯಿಯ ಸಣ್ಣ ಚಾಕೊಲೇಟ್, ಮನೆಯಲ್ಲೇ ಮಾಡಿ ಬಣ್ಣದ ಹಾಳೆ ಸುತ್ತಿದ ಚಾಕೊಲೇಟ್. ರುಚಿ, ದರ ಎಲ್ಲರೂ ನೋಡುತ್ತಾರೆ. ಇಲ್ಲಿ ನೋಡಿರುವುದು ಒಂದೇ ವಿಷಯ: ನೆಲಗಡಲೆ ಅಲರ್ಜಿ ಇರುವ ಮಗು ಓದುವ ಶಾಲೆಗೆ ಇವುಗಳಲ್ಲಿ ಯಾವುದನ್ನು ತರಬಹುದು.

ಮೊದಲು ಕಂಪೆನಿಯ ಸಾದಾ ಬಾರ್. ಹಿಂಬದಿಯಲ್ಲಿ ಸಾಮಗ್ರಿಗಳ ಪಟ್ಟಿಯ ಹತ್ತಿರ ಎರಡು ಬಗೆಯ ಸಾಲು ಹುಡುಕಬೇಕು. ‘ಕಂಟೇನ್ಸ್’ ಎಂದಿದ್ದರೆ ಅದು ಹಾಕಿದ ವಸ್ತು. ‘ಮೇ ಕಂಟೇನ್’ ಎಂದಿದ್ದರೆ ಹಾಕಿಲ್ಲ, ಆದರೆ ಸೇರಿರಬಹುದು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ)ಯ 2020ರ ಲೇಬಲ್ ನಿಯಮದಲ್ಲಿ ಮೊದಲನೆಯದು ಕಡ್ಡಾಯ, ಎರಡನೆಯದು ಬರೆಯಬಹುದು ಎಂದಷ್ಟೇ ಇದೆ. ಹಾಗಾಗಿ ಎರಡನೆಯ ಸಾಲು ಇಲ್ಲದ ಮಾತ್ರಕ್ಕೆ ಬಾರ್ ನಿರಪಾಯ ಎಂದು ತೀರ್ಮಾನಿಸಬಾರದು. ಅದೇ ನಿಯಮ ನೆಲಗಡಲೆಯನ್ನೂ ಗೇರುಬೀಜ, ಬಾದಾಮಿಗಳನ್ನೂ ಒಂದೇ ಗುಂಪಿನಲ್ಲಿ ಇಟ್ಟಿದೆ. ಬರೀ ‘ನಟ್ಸ್’ ಎಂದು ಅಚ್ಚಾಗಿದ್ದರೆ ಯಾವುದೆಂದು ತಿಳಿಯುವುದಿಲ್ಲ. ನೆಲಗಡಲೆ ಇದೆ ಎಂದೇ ಎಣಿಸಿ ಬಿಟ್ಟುಬಿಡಿ.

ಸಾದಾ ಬಾರಿಗೆ ನೆಲಗಡಲೆ ಎಲ್ಲಿಂದ ಬರುತ್ತದೆ? ಯಂತ್ರದಿಂದ. ಬೀಜ ಹಾಕಿದ ಬಾರ್ ಮಾಡಿದ ಯಂತ್ರದಲ್ಲೇ ಆಮೇಲೆ ಸಾದಾ ಬಾರ್ ಓಡುತ್ತದೆ. ಚಾಕೊಲೇಟಿನ ಕೊಳವೆಗಳನ್ನು ಪಾತ್ರೆಯ ಹಾಗೆ ನೀರು ಹಾಕಿ ತೊಳೆಯಲಾಗದು. ಸ್ವಲ್ಪ ನೀರು ಸೇರಿದರೂ ಕರಗಿದ ಚಾಕೊಲೇಟ್ ಗಟ್ಟಿ ಮುದ್ದೆಯಾಗುತ್ತದೆ, ತೇವ ಉಳಿದರೆ ರೋಗಾಣು ಬೆಳೆಯುವ ಭಯವೂ ಇದೆ. ಅದಕ್ಕೇ ನೀರು ಮುಟ್ಟಿಸದೆ ಕೆರೆದು, ಬೇರೆ ಚಾಕೊಲೇಟ್ ಹರಿಸಿ ಶುಚಿ ಮಾಡುತ್ತಾರೆ. ಉಳಿದ ಚೂರು ಎಲ್ಲ ಬಾರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಹತ್ತು ಬಾರಿನಲ್ಲಿ ಏನೂ ಇಲ್ಲದೆ ಹನ್ನೊಂದನೆಯದರಲ್ಲಿ ಒಂದು ತುಂಡೇ ಸಿಗಬಹುದು. ‘ಮೊನ್ನೆ ತಿಂದಾಗ ಏನೂ ಆಗಿರಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಮ್ಮ ಅಡಿಕೆ ತೋಟಗಳ ಕೊಕ್ಕೊ, ಪುತ್ತೂರಿನಲ್ಲಿ 1986ರಿಂದ ಇರುವ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ, ಇವೆಲ್ಲ ಅಭಿಮಾನದ ಸಂಗತಿಗಳೇ. ಆದರೂ ಊರಿನದ್ದೋ ಹೊರಗಿನದ್ದೋ, ಪ್ರತಿ ಸಲ ಕೊಳ್ಳುವಾಗಲೂ ಹಿಂಬದಿ ಓದಲೇಬೇಕು. ತಯಾರಿ ಬದಲಾದರೆ ಆ ಸಾಲೂ ಬದಲಾಗುತ್ತದೆ.

ಡಬ್ಬದ ಸಣ್ಣ ಚಾಕೊಲೇಟ್ ಮಾರಾಟಕ್ಕೆ ಬಲು ಅನುಕೂಲ, ಆದರೆ ಕಂಪೆನಿಯ ಬಾರಿಗಿಂತ ಅಪಾಯ ಹೆಚ್ಚು. ಹೊದಿಕೆಯ ವಿಸ್ತೀರ್ಣ 100 ಚದರ ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಸಾಮಗ್ರಿಗಳ ಪಟ್ಟಿಯನ್ನು ಅದರ ಮೇಲೆ ಹಾಕದಿರಲು ವಿನಾಯಿತಿ ಇದೆ. ಪಟ್ಟಿ ದೊಡ್ಡ ಡಬ್ಬದ ಮೇಲಿರುತ್ತದೆ. ಮೇಜಿನ ಮೇಲೆ ತಟ್ಟೆಯಲ್ಲಿ ಸುರಿದು ಡಬ್ಬವನ್ನು ಕಸಕ್ಕೆ ಎಸೆದರೆ ಓದಲು ಯಾರಿಗೂ ಏನೂ ಉಳಿಯುವುದಿಲ್ಲ. ನಾಲ್ಕಾರು ಬಗೆ ಬೆರಕೆಯಾಗಿರುವ ಡಬ್ಬವನ್ನಂತೂ ತರಲೇಬೇಡಿ.

ಮನೆ ಚಾಕೊಲೇಟ್ ಈಗ ಸಿಗುವ ರೀತಿಯಲ್ಲಿ ಮೂರರಲ್ಲೂ ಕೆಟ್ಟದ್ದು. ಆದರೆ ಹೇಳಿ ಮಾಡಿಸಿದರೆ ಇದೇ ಒಳ್ಳೆಯದು. ಗೇರುಬೀಜದ್ದು, ಒಣದ್ರಾಕ್ಷಿಯದ್ದು, ‘ಕ್ರಂಚ್’ ಎಂಬುದು, ಎಲ್ಲಕ್ಕೂ ಒಂದೇ ಬಂಗಾರದ ಹಾಳೆ. ಗೇರುಬೀಜ ದುಬಾರಿಯಾದ್ದರಿಂದ ಕ್ರಂಚಿಗೆ ಹುರಿದ ನೆಲಗಡಲೆ ಪುಡಿ ಬೀಳುವುದುಂಟು. ನೀರು ತಾಗಬಾರದೆಂದು ಸವಟನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಒರೆಸುತ್ತಾರೆ. ಆ ಬಟ್ಟೆಯೇ ಪುಡಿಯನ್ನು ಮುಂದಿನ ಪಾತ್ರೆಗೆ ದಾಟಿಸುತ್ತದೆ. ಅಚ್ಚಿನ ಮೂಲೆಗಳಲ್ಲೂ ಕಂದು ಚೂರು ಕೂತಿರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಹುರಿದರೆ, ಕರಗಿಸಿದರೆ ಅಲರ್ಜಿಯ ಗುಣ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಹೇಳಿ ಮಾಡಿಸುವವರು ನೆಲಗಡಲೆಯನ್ನು ಒಳಗೇ ತಾರದ ಅಡುಗೆಮನೆಯನ್ನು ಹುಡುಕಬೇಕು. ‘ಆ ದಿನ ಹಾಕುವುದಿಲ್ಲ’ ಎಂಬ ಭರವಸೆ ಸಾಲದು. ಅವರು ಕರಗಿಸುವ ‘ಕಾಂಪೌಂಡ್’ ಎಂಬ ಚಾಕೊಲೇಟ್ ಗಟ್ಟಿಯ ಹೊದಿಕೆಯನ್ನು ಕೇಳಿ ಓದಿ; ಅದರಲ್ಲೇ ‘ಮೇ ಕಂಟೇನ್’ ಇದ್ದರೆ ಅಡುಗೆಮನೆ ಎಷ್ಟು ಚೊಕ್ಕಟವಿದ್ದರೂ ಪ್ರಯೋಜನವಿಲ್ಲ. ಅಚ್ಚು, ಸವಟು, ಬಟ್ಟೆ ಹೊಸದಿರಲಿ. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಸಾಮಗ್ರಿ ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಂಪೌಂಡಿನಲ್ಲಿ ಕೊಕ್ಕೊ ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬು ಇರುವುದರಿಂದ ರುಚಿ ಒಂದು ಪಾವು ಕಡಿಮೆಯೇ. ಆದರೆ ಕೊಕ್ಕೊ ಬೆಣ್ಣೆ 34 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವಂಥದ್ದು. ನಮ್ಮ ಸೆಖೆಯಲ್ಲಿ ಚಪ್ಪರದಡಿ ನಿಲ್ಲುವುದು ಕಾಂಪೌಂಡೇ.

ಮಾತಿನ ತೊಡಕೂ ಒಂದಿದೆ. ಬರೀ ‘ಕಡಲೆ ಇದೆಯಾ?’ ಎಂದು ಕೇಳಿದರೆ ಕಡಲೆಬೇಳೆಯ ಕಡಲೆ ಎಂದುಕೊಂಡು ಇಲ್ಲ ಅನ್ನುವವರಿದ್ದಾರೆ. ಮಲಯಾಳದಲ್ಲಿ ಕಪ್ಪಲಂಡಿ ಎಂದರೆ ನೆಲಗಡಲೆ, ಕಶುವಂಡಿ ಎಂದರೆ ಗೇರುಬೀಜ. ಗದ್ದಲದ ಅಂಗಡಿಯಲ್ಲಿ ಎರಡೂ ಒಂದೇ ಹಾಗೆ ಕೇಳುತ್ತದೆ. ನೆಲಗಡಲೆಯನ್ನೇ ತೋರಿಸಿ ಕೇಳುವುದು ಒಳ್ಳೆಯದು. ಲೇಬಲ್ ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಮೇಜಿನ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡ ಅಕ್ಷರದ ಚೀಟಿ ಇಡಿ: ಏನೇನು ಹಾಕಿದೆ, ಏನು ಸೇರಿರಬಹುದು.

ತಿಂದ ಮಗುವಿನ ತುಟಿ ಊದಿ, ಉಸಿರು ಕಟ್ಟಿ, ವಾಂತಿಯಾದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. ಬೇಕಾಗುವುದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಚಾಕೊಲೇಟಿನ ಹಾಳೆಯೂ ಜತೆಗಿರಲಿ.

ಮಾರಾಟ ಮುಗಿದು ಉಳಿದ ಚಾಕೊಲೇಟನ್ನು ಮರುದಿನ ತರಗತಿಗಳಲ್ಲಿ ಹಂಚುವುದು ರೂಢಿ. ಆಗಲೂ ಡಬ್ಬ ಮತ್ತು ಚೀಟಿ ತಟ್ಟೆಯ ಜತೆಗೇ ಹೋಗಬೇಕು.