ಕಾರಿನ ಆಟೋ ಎಸಿ: 24ಕ್ಕೆ ಇಟ್ಟು ಕೈಬಿಟ್ಟರೆ ಸಾಕು (ಆರು ವರ್ಷದ ಬಳಕೆಯ ವಿಮರ್ಶೆ)

ಬಿಸಿಲಲ್ಲಿ ನಿಂತಿದ್ದ ಕಾರು ಹತ್ತಿದ ಕೂಡಲೇ ಬಹಳಷ್ಟು ಮಂದಿ ಮಾಡುವ ಮೊದಲ ಕೆಲಸ ಎಸಿಯನ್ನು 18ಕ್ಕೆ ಇಳಿಸುವುದು. ಆಟೋ ಎಸಿಯಲ್ಲಿ, ಅಂದರೆ ನಾವು ಕೊಟ್ಟ ತಾಪಮಾನಕ್ಕೆ ತಾನೇ ಹೊಂದಿಕೊಳ್ಳುವ ಎಸಿಯಲ್ಲಿ, ಇದರಿಂದ ಕಾರು ಬೇಗ ತಣ್ಣಗಾಗುವುದಿಲ್ಲ. ಈ ಒಂದು ಮಾತು ಅರ್ಥವಾದರೆ ಇಡೀ ವ್ಯವಸ್ಥೆ ಅರ್ಥವಾದಂತೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಈ ವಿಮರ್ಶೆ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದರ ಸಿಂಗಲ್ ಝೋನ್ (ಇಡೀ ಕಾರಿಗೆ ಒಂದೇ ತಾಪಮಾನದ) ಆಟೋ ಎಸಿಯ ಬಗ್ಗೆ. ಬೆಂಗಳೂರಿನ ಟ್ರಾಫಿಕ್, ಕರಾವಳಿಯ ಮಳೆ, ರಾಯಚೂರು ಕಡೆಯ ಬೇಸಿಗೆ, ಮೂರರಲ್ಲೂ ಬಳಸಿದ್ದು.

ಪರದೆಯ ಮೇಲೆ ಕಾಣುವ 24 ಎನ್ನುವುದು ವೆಂಟ್‌ನಿಂದ ಬರುವ ಗಾಳಿಯ ತಾಪಮಾನ ಅಲ್ಲ. ಕಾರಿನ ಒಳಗೆ ಎಷ್ಟಿರಬೇಕು ಎಂದು ನಾವು ಕೊಟ್ಟ ಗುರಿ. ಕೂಲಿಂಗ್ ಕಾಯಿಲ್ ದಾಟಿದ ಗಾಳಿ ಯಾವಾಗಲೂ ಬಹಳ ತಣ್ಣಗೇ ಇರುತ್ತದೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟದಿರಲಿ ಎಂದು ಸುಮಾರು 2ರಿಂದ 4 ಡಿಗ್ರಿಗೆ ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ಓಡಿಸುವ ಯಂತ್ರ) ತಾನೇ ನಿಲ್ಲುತ್ತದೆ. ಅದರ ಮುಂದೆ ಎಂಜಿನ್ ತಣಿಸುವ ದ್ರವದಿಂದ (ಕೂಲೆಂಟ್) ಬಿಸಿಯಾಗುವ ಹೀಟರ್ ಕಾಯಿಲ್ ಇದೆ. ಎರಡರ ನಡುವೆ ಒಂದು ಫ್ಲ್ಯಾಪ್. ತಣ್ಣನೆ ಗಾಳಿಗೆ ಎಷ್ಟು ಬಿಸಿ ಗಾಳಿ ಬೆರೆಸಬೇಕು ಎಂದು ತೀರ್ಮಾನಿಸುವುದು ಆ ಫ್ಲ್ಯಾಪ್, ಅದನ್ನು ತಿರುಗಿಸುವುದು ಒಂದು ಪುಟ್ಟ ಮೋಟಾರ್. ಒಳಗೆ 50 ಡಿಗ್ರಿ ಕಾದಿರುವಾಗ ಗುರಿ 24 ಇರಲಿ, 18 ಇರಲಿ, ಫ್ಲ್ಯಾಪ್ ಪೂರ್ತಿ ತಣ್ಣನೆಯ ಕಡೆಗೇ ಇರುತ್ತದೆ, ಗಾಳಿ ಊದುವ ಫ್ಯಾನ್, ಅಂದರೆ ಬ್ಲೋವರ್, ಜೋರಾಗಿಯೇ ಓಡುತ್ತದೆ, ಹೊರಗಾಳಿಯೂ ಮುಚ್ಚಿಕೊಳ್ಳುತ್ತದೆ. ವ್ಯತ್ಯಾಸ ಗೊತ್ತಾಗುವುದು ಹತ್ತು ಹದಿನೈದು ನಿಮಿಷದ ನಂತರ. 24ಕ್ಕೆ ಇಟ್ಟ ಕಾರಿನಲ್ಲಿ ಬ್ಲೋವರ್ ಸದ್ದು ಇಳಿಯುತ್ತದೆ. ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾದರೆ ಅದು ಬೇಗ ತಣ್ಣಗಾಗಿ ಕಂಪ್ರೆಸರ್‌ಗೆ ಬಿಡುವು ಸಿಗುತ್ತದೆ, ಪೆಟ್ರೋಲ್ ಉಳಿಯುವುದೂ ಅಲ್ಲೇ. 18ಕ್ಕೆ ಇಟ್ಟರೆ ಮೇ ತಿಂಗಳ ರಾಯಚೂರಿನಲ್ಲಿ ಗುರಿ ಮುಟ್ಟುವುದೇ ಇಲ್ಲ, ಬ್ಲೋವರ್ ಕೊನೆಯವರೆಗೂ ಅರಚುತ್ತಲೇ ಇರುತ್ತದೆ. 18ಕ್ಕಿಂತ ಕೆಳಗೆ ಒತ್ತಿದಾಗ ಬರುವ 'ಲೋ' ಎಂಬುದಂತೂ ಆಟೋ ಅಲ್ಲವೇ ಅಲ್ಲ, ಅಲ್ಲಿ ಲೆಕ್ಕಾಚಾರ ನಿಂತು ಫ್ಲ್ಯಾಪ್ ತಣ್ಣನೆಯ ಕಡೆಗೆ ಬೀಗ ಹಾಕಿಕೊಳ್ಳುತ್ತದೆ.

ಕಾದ ಕಾರನ್ನು ನಿಜವಾಗಿ ಬೇಗ ತಣಿಸುವ ಉಪಾಯ ಬೇರೆ. ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ, ಬಿಸಿಗಾಳಿ ಹೊರಹೋಗಲಿ. ಆಮೇಲೆ ಕಿಟಕಿ ಮುಚ್ಚಿ ಆಟೋ ಒತ್ತಿ.

ಈ ಲೆಕ್ಕಾಚಾರವೆಲ್ಲ ನಿಂತಿರುವುದು ಸೆನ್ಸರ್‌ಗಳ ಮೇಲೆ. ನಮ್ಮಲ್ಲಿ ಅವುಗಳಿಗೆ ಆಗುವ ಅನ್ಯಾಯ ಅಷ್ಟಿಷ್ಟಲ್ಲ. ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಹತ್ತಿರ ಕಡಲೆಕಾಳಿನಷ್ಟು ದೊಡ್ಡದೊಂದು ಕಪ್ಪು ಗುಬುಟು ಇರುತ್ತದೆ. ಅದು ಬಿಸಿಲಿನ ಸೆನ್ಸರ್. ಒಳಗಿನ ಗಾಳಿ 24 ಇದ್ದರೂ ಮುಖದ ಮೇಲೆ ಬಿಸಿಲು ಹೊಡೆಯುತ್ತಿದ್ದರೆ ನಮಗೆ ಸೆಖೆಯೇ ಆಗುತ್ತದಲ್ಲ, ಅದನ್ನು ಸರಿದೂಗಿಸಲು ಇದು ಬೇಕು. ಸರಿಯಾಗಿ ಇದರ ಮೇಲೆಯೇ ಗಣಪತಿ ಮೂರ್ತಿ ಅಂಟಿಸಿರುವ, ಇಲ್ಲವೇ ವೆಲ್ವೆಟ್ ಮ್ಯಾಟ್ ಹಾಸಿರುವ ಕಾರುಗಳು ಬೇಕಾದಷ್ಟಿವೆ. ಆಗ ಎಸಿಗೆ ಮಧ್ಯಾಹ್ನವೂ ರಾತ್ರಿಯೇ. ಗಣಪತಿಯನ್ನು ನಾಲ್ಕು ಇಂಚು ಪಕ್ಕಕ್ಕೆ ಕೂರಿಸಿ, ಮ್ಯಾಟ್‌ನಲ್ಲಿ ಅಷ್ಟಗಲ ಕತ್ತರಿಸಿ.

ಎರಡನೆಯದು ಒಳಗಿನ ತಾಪಮಾನದ ಸೆನ್ಸರ್. ಸ್ಟಿಯರಿಂಗ್ ಪಕ್ಕದಲ್ಲೋ ಎಸಿ ಪ್ಯಾನೆಲ್ ಹತ್ತಿರವೋ ಇರುವ ಬೆರಳಗಲದ ಜಾಲರಿಯ ಹಿಂದೆ ಅದು ಕೂತಿದೆ. ಕೆಲವು ಕಾರುಗಳಲ್ಲಿ ಪುಟ್ಟ ಫ್ಯಾನ್, ಕೆಲವುಗಳಲ್ಲಿ ಬ್ಲೋವರ್‌ಗೆ ಜೋಡಿಸಿದ ಸಣ್ಣ ಕೊಳವೆ ಕ್ಯಾಬಿನ್ ಗಾಳಿಯನ್ನು ಅದರತ್ತ ಎಳೆಯುತ್ತದೆ. ಎರಡು ಮೂರು ವರ್ಷದಲ್ಲಿ ಜಾಲರಿಗೆ ಧೂಳು ಕಟ್ಟುತ್ತದೆ. ಗಾಳಿ ಹರಿಯದಿದ್ದರೆ ಸೆನ್ಸರ್ ಅಳೆಯುವುದು ಡ್ಯಾಶ್‌ಬೋರ್ಡ್ ಹಿಂದಿನ ತಾಪಮಾನವನ್ನೇ ಹೊರತು ನಾವು ಕೂತ ಜಾಗದ್ದನ್ನಲ್ಲ. ಒಮ್ಮೆ ಚಳಿ, ಒಮ್ಮೆ ಸೆಖೆ ಎಂದು ಎಸಿ ತೂಗಾಡತೊಡಗುತ್ತದೆ. ಪರೀಕ್ಷೆ ಸುಲಭ: ಎಸಿ ಓಡುತ್ತಿರುವಾಗ ಉಗುರಗಲದ ಟಿಶ್ಯೂ ಚೂರನ್ನು ಜಾಲರಿಗೆ ಹಿಡಿಯಿರಿ. ಅಂಟಿಕೊಂಡು ನಿಂತರೆ ಸರಿಯಿದೆ. ಬಿದ್ದರೆ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಬೇಕು.

ಮೂರನೆಯದು ಮುಂದಿನ ಬಂಪರ್ ಹಿಂದಿರುವ ಹೊರಗಿನ ಸೆನ್ಸರ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಬಿಸಿಗೆ ಅದು 38, 40 ತೋರಿಸಿದರೆ ಗಾಬರಿ ಬೇಡ, ಕಾರು ವೇಗವಾಗಿ ಓಡತೊಡಗಿದರೆ ತಾನೇ ಇಳಿಯುತ್ತದೆ. ಆದರೆ ಬಂಪರ್ ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ ಪರದೆಯಲ್ಲಿ ಮೈನಸ್ 30, ಮೈನಸ್ 40 ಕಂಡರೆ, ಜೊತೆಗೆ ಎಸಿ ಕೆಲಸವೇ ಮಾಡದಿದ್ದರೆ, ಸೆನ್ಸರ್‌ನ ಕನೆಕ್ಟರ್ ಸಿಕ್ಕಿಸಲು ಮರೆತಿರುವ ಸಾಧ್ಯತೆಯೇ ಹೆಚ್ಚು. ತಂತಿ ಕಡಿದ ಸೆನ್ಸರ್ ಕೊರೆಯುವ ಚಳಿಯಂತೆ ಕಾಣುತ್ತದೆ; ಅಷ್ಟು ಚಳಿಯಲ್ಲಿ ಕಂಪ್ರೆಸರ್ ಓಡಿಸಬಾರದೆಂಬುದು ಎಸಿ ನಡೆಸುವ ಕಂಟ್ರೋಲರ್‌ಗೆ ಕಲಿಸಿದ ನಿಯಮ. ಇಂಥ ಕಾರಿಗೂ ಗ್ಯಾಸ್ ತುಂಬಿಸಿ ಬಿಲ್ ಮಾಡುವವರಿದ್ದಾರೆ.

ಗ್ಯಾಸ್ ವಿಷಯಕ್ಕೆ ಬಂದರೆ, ಎಸಿ ತಣಿಸುತ್ತಿಲ್ಲ ಅನ್ನಿಸಿದಾಗ ಮೊದಲು ಮಾಡಬೇಕಾದದ್ದು ಇದು. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಅನ್ನು ನಡು ವೆಂಟ್‌ಗೆ ಸಿಕ್ಕಿಸಿ. ಲೋ, ಬ್ಲೋವರ್ ಫುಲ್, ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್) ಆನ್, ಎಂಜಿನ್ 1500 ಆರ್‌ಪಿಎಂ. ಹೊರಗೆ 30-35 ಇದ್ದರೆ ಹತ್ತು ನಿಮಿಷದಲ್ಲಿ ವೆಂಟ್ ಗಾಳಿ ಸುಮಾರು 5ರಿಂದ 10 ಡಿಗ್ರಿಗೆ ಇಳಿಯಬೇಕು. ಇಳಿದರೆ ಗ್ಯಾಸ್, ಕಂಪ್ರೆಸರ್, ಗ್ಯಾಸ್‌ನ ಬಿಸಿ ಹೊರಹಾಕುವ ಕಂಡೆನ್ಸರ್ ಮೂರೂ ಚೆನ್ನಾಗಿವೆ. ಆದರೂ 24ರಲ್ಲಿ ಸೆಖೆಯಾದರೆ ತೊಂದರೆ ಸೆನ್ಸರ್‌ನಲ್ಲೋ ಫ್ಲ್ಯಾಪ್ ಮೋಟಾರ್‌ನಲ್ಲೋ ಇದೆ. ಲೋದಲ್ಲೂ ತಣ್ಣಗಾಗದಿದ್ದರೆ ಮಾತ್ರ ಗ್ಯಾಸ್ ಕಡೆ ನೋಡಬೇಕು. ಅದು ಪೆಟ್ರೋಲ್‌ನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕಿ ಮುಚ್ಚಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ (ಪೈಪ್‌ಗಳೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಸಿ), ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ತುಂಬಿಸಬೇಕು. ಅಂದಾಜಿನಲ್ಲಿ ಹೆಚ್ಚು ತುಂಬಿದರೂ ತಣಿಯುವುದು ಕಡಿಮೆಯೇ ಆಗುತ್ತದೆ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾಗಿದ್ದರೆ ಇನ್ನೂ ಎಚ್ಚರ ಬೇಕು: ಹೈ ವೋಲ್ಟೇಜ್ ಕಂಪ್ರೆಸರ್‌ಗಳಲ್ಲಿ ಸಾಮಾನ್ಯವಾಗಿ ಪಿಒಇ ಎಂಬ ಬಗೆಯ ಎಣ್ಣೆ ಇರುತ್ತದೆ. ಮಾಮೂಲಿ ಕಾರುಗಳ ಪಿಎಜಿ ಎಣ್ಣೆ ಅದರೊಳಗೆ ಸೇರಿದರೆ ವಿದ್ಯುತ್ ನಿರೋಧ ಕೆಡುತ್ತದೆ.

ಫ್ಲ್ಯಾಪ್ ಮೋಟಾರ್ ಕೆಟ್ಟಿದ್ದಕ್ಕೆ ಗುರುತು ಡ್ಯಾಶ್‌ಬೋರ್ಡ್ ಒಳಗಿನ ಟಕ್ ಟಕ್ ಸದ್ದು. ಪ್ಲಾಸ್ಟಿಕ್ ಗೇರ್‌ನ ಹಲ್ಲು ಮುರಿದು ಜಾರುವ ಶಬ್ದ ಅದು. ಬ್ಯಾಟರಿ ಬದಲಿಸಿದ ಮೇಲೆ ಕಾಣಿಸಿದ್ದರೆ ಫ್ಲ್ಯಾಪ್ ಎರಡೂ ಕಡೆ ಎಲ್ಲಿಯವರೆಗೆ ತಿರುಗಬೇಕೆಂಬ ಲೆಕ್ಕವನ್ನು ಮೋಟಾರ್ ಮರೆತಿರಲೂಬಹುದು. ಇಗ್ನಿಷನ್ ಆನ್ ಮಾಡಿ, ಎಸಿ ಬಟನ್ ಮುಟ್ಟದೆ ಒಂದೆರಡು ನಿಮಿಷ ಬಿಟ್ಟರೆ ಕೆಲವು ಕಾರುಗಳು ತಾವೇ ಸರಿಮಾಡಿಕೊಳ್ಳುತ್ತವೆ. ಟೊಯೊಟಾದ ಹಲವು ಕಾರುಗಳಲ್ಲಿ ಆಟೋ ಮತ್ತು ರೀಸರ್ಕ್ಯುಲೇಶನ್ ಬಟನ್ ಒಟ್ಟಿಗೆ ಒತ್ತಿಹಿಡಿದು ಇಗ್ನಿಷನ್ ಆನ್ ಮಾಡಿದರೆ ಎಸಿ ತನ್ನ ದೋಷಗಳನ್ನು ಅಂಕಿಯಲ್ಲಿ ತೋರಿಸುತ್ತದೆ. 11 ಒಳಗಿನ ಸೆನ್ಸರ್, 12 ಹೊರಗಿನದು, 21 ಬಿಸಿಲಿನದು. ನೆರಳಲ್ಲಿ 21 ಬರುವುದು ಸಹಜ, ಆದ್ದರಿಂದ ಈ ಪರೀಕ್ಷೆಯನ್ನು ಬಿಸಿಲಲ್ಲೇ ಮಾಡಿ.

ಎಸಿ ಫಿಲ್ಟರ್ 10,000 ಕಿ.ಮೀ.ಗೊಮ್ಮೆ ಬದಲಿಸಿ, ಮಣ್ಣು ರಸ್ತೆಯಾದರೆ ಇನ್ನೂ ಬೇಗ. ಬಹುತೇಕ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆಯೇ ಇದೆ, ಸ್ಕ್ರೂಡ್ರೈವರ್ ಕೂಡ ಬೇಡ. ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರಲಿ. ಮುಂದಿನ ಎಡಗಡೆ ಮ್ಯಾಟ್ ಒದ್ದೆಯಾಗುತ್ತಿದ್ದರೆ ಕಾಯಿಲ್‌ನ ನೀರು ಹೊರಬಿಡುವ ಪೈಪ್ ಕಟ್ಟಿಕೊಂಡಿರಬಹುದು.

ಆಟೋ ಸೋಲುವುದು ಮಳೆಗಾಲದಲ್ಲಿ. ಗಾಜಿಗೆ ಮಂಜು ಯಾವ ಕಡೆ ಕಟ್ಟಿದೆ ಎಂದು ಅಗ್ಗದ ಕಾರುಗಳ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಗಾಜಿನ ಒಳಗಡೆ ಮಂಜು ಕಟ್ಟಿದರೆ ಮುಂದಿನ ಗಾಜಿನ ಡಿಫ್ರಾಸ್ಟ್ (ಮಂಜು ತೆಗೆಯುವ) ಬಟನ್ ಒತ್ತಬೇಕು. ಹೊರಗಾಳಿ ತೆರೆದುಕೊಂಡು, ಎಸಿ ಆನ್ ಆಗಿ, ಒಣಗಿಸಿದ ಗಾಳಿ ಗಾಜಿಗೆ ಬೀಳುತ್ತದೆ. ಚಳಿಯಾದರೆ ತಾಪಮಾನ ಏರಿಸಿ, ಎಸಿ ಮಾತ್ರ ಆರಿಸಬೇಡಿ, ನೀರಿನಂಶ ಹಿಡಿಯುವುದು ಅದೇ. ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿನ ಒದ್ದೆ ಗಾಳಿಗೆ ತಣ್ಣನೆಯ ಗಾಜಿನ ಹೊರಗಡೆ ಮಂಜು ಕಟ್ಟುತ್ತದೆ. ಆಗಲೂ ಡಿಫ್ರಾಸ್ಟ್ ಒತ್ತಿ ತಣ್ಣನೆ ಗಾಳಿ ಬಿಟ್ಟರೆ ಮಂಜು ಹೆಚ್ಚುತ್ತದೆ. ಗಾಳಿಯನ್ನು ಗಾಜಿನಿಂದ ತಿರುಗಿಸಿ, ತಾಪಮಾನ 26-27ಕ್ಕೆ ಏರಿಸಿ, ವೈಪರ್ ಹಾಕಿ. ಯಾವ ಕಡೆಯ ಮಂಜು ಎಂದು ಬೆರಳಿನಿಂದ ಒಮ್ಮೆ ಗಾಜು ಉಜ್ಜಿದರೆ ತಿಳಿಯುತ್ತದೆ.